ಫಾರ್ಮ್ಯಾಟ್ ಹೊಡೆಸುವ ಮುಂಚೆ

ಮಗಳೇ, ಅಂಗಡಿಯ ಸಿಸ್ಟಮ್ಮಿಗೆ ವಿಂಡೋಸ್ 11 ಹಾಕಿಸಿದ ಮೇಲೆ ಅದು ನಡುನಡುವೆ ನಿಂತುಹೋಗುತ್ತಿದೆ, ಪಕ್ಕದವರು ‘ಫಾರ್ಮ್ಯಾಟ್ ಹೊಡೆಸಿಬಿಡು’ ಅಂದರು ಅಂತ ಫೋನಿನಲ್ಲಿ ಹೇಳಿದೆಯಲ್ಲ, ಹೊಡೆಸಬೇಡ. ಫೋನಿನಲ್ಲಿ ಹೇಳಿದ್ದು ಅರ್ಧ ಕೇಳಿಸಿ ಅರ್ಧ ಮರೆತುಹೋಗುತ್ತದೆ ಅಂತ ಬರೆದೇ ಕಳಿಸುತ್ತಿದ್ದೇನೆ. ಮಳವಳ್ಳಿ, ಬೆಳಕವಾಡಿ ಕಡೆ ನಿನ್ನ ಹಾಗೇ ಪಹಣಿ, ಜೆರಾಕ್ಸು, ಆಧಾರು ಅಂತ ಅಂಗಡಿ ಇಟ್ಟುಕೊಂಡ ಹುಡುಗ ಹುಡುಗಿಯರು ಇನ್ನೂ ಇದ್ದಾರೆ. ಅವರಿಗೂ ತೋರಿಸು.

ನಿಮ್ಮ ದೊಡ್ಡಪ್ಪ ಶಿವನಸಮುದ್ರದ ಬ್ಲಫ್ಫಿನ ಪವರ್‌ಹೌಸಿನಲ್ಲಿ ಶಿಫ್ಟು ಮಾಡಿದವನು, ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಆದರೆ ನಿಂತ ಮೆಷಿನ್ನಿನ ಮುಂದೆ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಅಲ್ಲಿ ಕಲಿತಿದ್ದೇನೆ. ಜನರೇಟರ್ ಟ್ರಿಪ್ ಆದರೆ ಹೊಸಬರ ಕೈ ಮೊದಲು ಸ್ವಿಚ್ಚಿಗೇ ಹೋಗುತ್ತಿತ್ತು. ಹಳಬರು ತಡೆಯುತ್ತಿದ್ದರು. ಪ್ಯಾನೆಲ್ಲಿನ ಯಾವ ರಿಲೇಯ ಫ್ಲ್ಯಾಗ್ ಬಿದ್ದಿದೆ ಅಂತ ನೋಡಬೇಕು, ಗಂಟೆ ನಿಮಿಷ ಹಾಕಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ರೀಸೆಟ್ಟು ಆಮೇಲೆ. ಬರೆಯದೆ ರೀಸೆಟ್ ಒತ್ತಿದರೆ ಫ್ಲ್ಯಾಗ್ ಮೇಲಕ್ಕೆ ಹೋಗುತ್ತದೆ, ಅದರ ಜೊತೆಗೆ ಕಾರಣವೂ ಹೋಗುತ್ತದೆ. ಮತ್ತೆ ಟ್ರಿಪ್ ಆಗುವವರೆಗೆ ಕಾಯುತ್ತಾ ಕೂತಿರಬೇಕು.

ನಿನ್ನ ಪರದೆಯ ಮೇಲೆ ಬರುವ ನೀಲಿ ಪುಟವೂ ಅಂಥ ಫ್ಲ್ಯಾಗೇ. ಹೊಸ ವಿಂಡೋಸಿನಲ್ಲಿ ಅದನ್ನು 2025ರಲ್ಲಿ ಕಪ್ಪು ಮಾಡಿದ್ದಾರೆ, ಬಣ್ಣ ನೋಡಿ ಗಾಬರಿಯಾಗಬೇಡ. ಆ ಪುಟ ಬಂದರೆ ಸಿಸ್ಟಮ್ ಸುಟ್ಟುಹೋಯಿತು ಅಂತಲ್ಲ. ಒಳಗೆ ಯಾವುದೋ ಒಂದು ಮುಟ್ಟಬಾರದ ಜಾಗ ಮುಟ್ಟಿತು, ಮುಂದುವರಿದರೆ ಫೈಲುಗಳೇ ಕೆಟ್ಟಾವು ಅಂತ ವಿಂಡೋಸ್ ತಾನೇ ನಿಂತುಕೊಂಡಿದೆ. ಪುಟದ ಕೆಳಗಡೆ ಒಂದು ಸ್ಟಾಪ್ ಕೋಡ್ ಇರುತ್ತದೆ. ಅದೃಷ್ಟ ಇದ್ದರೆ ಪಕ್ಕದಲ್ಲೇ ‘ಎಸ್‌ವೈಎಸ್’ ಅಂತ ಕೊನೆಯಾಗುವ ಡ್ರೈವರ್ ಫೈಲಿನ ಹೆಸರೂ ಇರುತ್ತದೆ. ಮೊಬೈಲು ತೆಗೆದು ಫೋಟೋ ಹೊಡೆದುಕೋ. ಓದುವಷ್ಟರಲ್ಲಿ ರೀಸ್ಟಾರ್ಟ್ ಆಗಿಬಿಡುತ್ತಿದ್ದರೆ ಸಿಸ್ಟಮ್ ಪ್ರಾಪರ್ಟೀಸಿನ ಅಡ್ವಾನ್ಸ್ಡ್ ಟ್ಯಾಬಿಗೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿ ತೆಗೆದು, ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆದುಬಿಡು. ಆಮೇಲೆ ಪುಟ ನೀನು ಓದಿ ಮುಗಿಸುವ ತನಕ ನಿಂತಿರುತ್ತದೆ.

ಈ ಡ್ರೈವರ್ ಅನ್ನುವುದು ಯಾಕೆ ಇಷ್ಟು ಕಾಟ ಕೊಡುತ್ತದೆ ಅಂತ ಕೇಳಿದೆಯಲ್ಲ. ನಮ್ಮೂರಿನ ಕಥೆಯಲ್ಲೇ ಹೇಳುತ್ತೇನೆ. ಶಿವನಸಮುದ್ರದ ಕರೆಂಟು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಹೊರಟಿತು, 92 ಮೈಲಿ ತಂತಿಯ ಮೇಲೆ. ಅದು 25 ಸೈಕಲ್ಲಿನ ಕರೆಂಟು. ಗಣಿಯ ಮೋಟಾರುಗಳೂ ಅದಕ್ಕೆ ತಕ್ಕಂಥವೇ. 1948ರಲ್ಲಿ ಶುರುವಾದ ಜೋಗದ ಪವರ್‌ಹೌಸಿನದು 50 ಸೈಕಲ್ಲು. ಎರಡೂ ಒಳ್ಳೆಯ ಕರೆಂಟೇ, ಎರಡೂ ಒಳ್ಳೆಯ ಮೋಟಾರೇ. ಆದರೆ 25ಕ್ಕೆ ಮಾಡಿದ ಮೋಟಾರನ್ನು 50ಕ್ಕೆ ಸಿಕ್ಕಿಸಿದರೆ ಎರಡರಷ್ಟು ವೇಗದಲ್ಲಿ ಓಡಲು ಹೋಗುತ್ತದೆ. ನಡುವೆ ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಸಾಧನ ಬೇಕೇ ಬೇಕು. ನಿನ್ನ ಪ್ರಿಂಟರಿಗೂ ವಿಂಡೋಸಿಗೂ ನಡುವೆ ಆ ಕೆಲಸ ಮಾಡುವುದು ಡ್ರೈವರು. ವಿಂಡೋಸ್ ಬದಲಾಯಿತು, ಡ್ರೈವರ್ ಹಳೆಯದೇ ಉಳಿಯಿತು ಅಂದರೆ ಪ್ರಿಂಟರಿನದೂ ತಪ್ಪಿಲ್ಲ, ವಿಂಡೋಸಿನದೂ ಅಂಥಾ ತಪ್ಪಿಲ್ಲ, ಆದರೂ ಕೆಲಸ ನಿಲ್ಲುತ್ತದೆ.

ನುಡಿಯೋ ಎಕ್ಸೆಲ್ಲೋ ಹ್ಯಾಂಗ್ ಆದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಡ್ರೈವರುಗಳಲ್ಲಿ ಬಹುಪಾಲು ಓಡುವುದು ಕರ್ನಲ್ ಅನ್ನುವ ಒಳಮನೆಯಲ್ಲಿ. ಅಲ್ಲಿ ಒಂದು ಎಡವಿದರೆ ಇಡೀ ಸಿಸ್ಟಮ್ಮೇ ಬೀಳುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ವರದಿಯಾದ ಕ್ರ್ಯಾಶುಗಳಲ್ಲಿ ನೂರಕ್ಕೆ 85ಕ್ಕೆ ಡ್ರೈವರೇ ಕಾರಣ ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2003ರ ಒಂದು ಪ್ರಬಂಧದಲ್ಲಿ ಬರೆದಿದ್ದರು. ವಿಸ್ತಾ ಬಂದಾಗ ಇನ್ನೂ ಫಜೀತಿ. ಅಮೆರಿಕದ ಒಂದು ಮೊಕದ್ದಮೆಯಲ್ಲಿ 2008ರಲ್ಲಿ ಹೊರಬಿದ್ದ ಮೈಕ್ರೋಸಾಫ್ಟಿನ ಸ್ವಂತ ಲೆಕ್ಕದಲ್ಲಿ, ದಾಖಲಾದ ಕ್ರ್ಯಾಶುಗಳಲ್ಲಿ ಶೇಕಡಾ 28.8ರಷ್ಟು ಎನ್‌ವಿಡಿಯಾ ಡ್ರೈವರುಗಳ ಪಾಲಿಗೆ ಬಂದಿತ್ತು. ಅಷ್ಟು ದೊಡ್ಡವರದೇ ಆ ಪಾಡು, ನಿನ್ನ ಅಂಗಡಿಯದು ಏನು ಮಹಾ.

ಪ್ರಿಂಟ್ ಕೊಟ್ಟ ತಕ್ಷಣ ಸಿಸ್ಟಮ್ ಬೀಳುತ್ತದೆ ಅಂದರೆ ಪ್ರಿಂಟರನ್ನು ಗುಜರಿಗೆ ಹಾಕುವವರೂ ಇದ್ದಾರೆ. 2021ರ ಮಾರ್ಚ್ 9ರಂದು ಮೈಕ್ರೋಸಾಫ್ಟ್ ಬಿಟ್ಟ ಒಂದು ಅಪ್‌ಡೇಟ್ ಹಾಕಿಕೊಂಡವರಿಗೆ ಹೀಗೇ ಆಯಿತು. ಕ್ಯೋಸೆರಾ, ರಿಕೋ, ಝೀಬ್ರಾ ಪ್ರಿಂಟರುಗಳಿಗೆ ಪ್ರಿಂಟ್ ಕೊಟ್ಟರೆ ನೀಲಿ ಪುಟ. ಪ್ರಿಂಟರಿನಲ್ಲಿ ಏನೂ ಕೆಟ್ಟಿರಲಿಲ್ಲ, ವಾರದೊಳಗೆ ಮೈಕ್ರೋಸಾಫ್ಟೇ ಸರಿಪಡಿಸುವ ಅಪ್‌ಡೇಟ್ ಕೊಟ್ಟಿತು. ಆ ವಾರದಲ್ಲಿ ಅಪ್‌ಡೇಟನ್ನು ಅನ್‌ಇನ್‌ಸ್ಟಾಲ್ ಮಾಡಿಕೊಂಡವರು ಕೆಲಸ ನಡೆಸಿದರು. ಫಾರ್ಮ್ಯಾಟ್ ಹೊಡೆಸಿದವರಿಗೆ ಅದೇ ಅಪ್‌ಡೇಟ್ ಮತ್ತೆ ಇಳಿದರೆ ಅದೇ ನೀಲಿ ಪುಟ.

ಅದಕ್ಕೇ ಮೊದಲ ಪ್ರಶ್ನೆ, ಕೊನೆಗೆ ಬದಲಾಗಿದ್ದು ಏನು? ಸ್ಟಾರ್ಟಿನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡು, ರಿಲಯಬಿಲಿಟಿ ಹಿಸ್ಟರಿ ಬರುತ್ತದೆ. ದಿನವಾರು ಅಂಕಣ ಹಾಕಿ, ಸಿಸ್ಟಮ್ ಬಿದ್ದ ದಿನದ ಕೆಳಗೆ ಕೆಂಪು ಗುರುತು ಇಟ್ಟಿರುತ್ತದೆ. ಅದೇ ಅಂಕಣದ ಕೆಳಗೆ ಅವತ್ತು ಯಾವ ಅಪ್‌ಡೇಟ್, ಯಾವ ಡ್ರೈವರ್ ಕೂತಿತು ಅನ್ನುವುದೂ ಇರುತ್ತದೆ. ಇಷ್ಟು ಒಳ್ಳೆಯ ಲಾಗ್‌ಬುಕ್ಕನ್ನು ವಿಂಡೋಸ್ ಪುಕ್ಕಟೆ ಬರೆದಿಡುತ್ತದೆ, ರಿಪೇರಿಯವರಲ್ಲೂ ಬಹಳ ಜನ ತೆಗೆದು ನೋಡುವುದಿಲ್ಲ. ಯಾಕೋ ಗೊತ್ತಿಲ್ಲ, ಫಾರ್ಮ್ಯಾಟಿಗೆ ಸಿಗುವ ಕಾಸು ಓದುವುದಕ್ಕೆ ಸಿಗುವುದಿಲ್ಲ ಅಂತ ಇರಬಹುದು.

ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್ ಪವರ್ 41’ ಅಂತ ಕಂಡರೆ ಅದನ್ನೇ ಕಾರಣ ಅಂದುಕೊಳ್ಳಬೇಡ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅನ್ನುವುದಷ್ಟೇ ಅದರ ಅರ್ಥ. ಬರೀ ಅದೊಂದೇ ಇದ್ದು, ಸ್ಟಾಪ್ ಕೋಡೂ ಇಲ್ಲ, ಸಿಸ್ಟಮ್ ಬಿದ್ದಾಗಿನ ದಾಖಲೆ ಸೇರುವ ಮಿನಿಡಂಪ್ ಫೋಲ್ಡರಿನಲ್ಲಿ ಫೈಲೂ ಇಲ್ಲ ಅಂದರೆ ಡ್ರೈವರನ್ನು ಬಿಟ್ಟು ಯುಪಿಎಸ್ ಬ್ಯಾಟರಿ ನೋಡು. ಲೋಡ್ ಶೆಡ್ಡಿಂಗಿನ ಊರಿನಲ್ಲಿ ಮೊದಲ ಗುಮಾನಿ ಅದರ ಮೇಲೇ ಇರಲಿ. ಒಂದೊಂದು ಸಲಕ್ಕೂ ಬೇರೆ ಬೇರೆ ಕೋಡು, ಬೇರೆ ಬೇರೆ ಫೈಲು ಬರುತ್ತಿದ್ದರೆ ರ‍್ಯಾಮ್ ತೆಗೆದು ಒರೆಸಿ ಕೂರಿಸು, ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸು. ಒಂದೇ ಫೈಲು ಪದೇಪದೇ ಬಂದರೆ ಆಗ ಡ್ರೈವರು.

ಖಾತ್ರಿ ಮಾಡಿಕೊಳ್ಳಲು ಸೇಫ್ ಮೋಡಿದೆ. ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ಟ್ರಬಲ್‌ಶೂಟ್ ಪುಟ ಬರುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸಿನಲ್ಲಿ ಸ್ಟಾರ್ಟಪ್ ಸೆಟಿಂಗ್ಸ್ ಒತ್ತಿ, ಮತ್ತೆ ಶುರುವಾದಾಗ 4 ಒತ್ತು. ಅಲ್ಲಿ ಅಗತ್ಯದ ಡ್ರೈವರುಗಳು ಮಾತ್ರ ಕೆಲಸಕ್ಕೆ ಬರುತ್ತವೆ, ಉಳಿದವಕ್ಕೆ ರಜೆ. ಹಾಗೇ ಬಿಟ್ಟು ಊಟ ಮುಗಿಸಿ ಬಾ. ಬೀಳದೆ ನಿಂತಿದ್ದರೆ ರಜೆಯಲ್ಲಿದ್ದವರಲ್ಲೇ ಯಾರೋ ಕಳ್ಳ. ಅಲ್ಲೂ ಬಿದ್ದರೆ ಹಾರ್ಡ್‌ವೇರಿನದೇ ದೋಷ ಇರಬಹುದು, ರಿಪೇರಿ ಅಂಗಡಿಗೆ ಒಯ್ಯಿ.

ಡಿವೈಸ್ ಮ್ಯಾನೇಜರಿನಲ್ಲಿ ಗುಮಾನಿಯ ಸಾಮಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡ್ರೈವರ್ ಟ್ಯಾಬು, ‘ರೋಲ್ ಬ್ಯಾಕ್ ಡ್ರೈವರ್’. ಅದು ಮಬ್ಬಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಅಂತ. ಆಗ ಸಿಸ್ಟಮ್ ತಯಾರಿಸಿದ ಕಂಪನಿಯ ಸೈಟಿಗೆ ಹೋಗಿ, ಮಾಡೆಲ್ ನಂಬರ್ ಹಾಕಿ, ವಿಂಡೋಸ್ 11ರದ್ದೇ ಇಳಿಸಿಕೋ. ‘ನಿಮ್ಮ 37 ಡ್ರೈವರ್ ಹಳೆಯದಾಗಿವೆ, ಒಂದೇ ಕ್ಲಿಕ್ಕಿನಲ್ಲಿ ಸರಿ ಮಾಡುತ್ತೇವೆ’ ಅಂತ ಕುಣಿಯುವ ಜಾಹೀರಾತಿನ ತಂಟೆಗೆ ಹೋಗಬೇಡ. 37ನ್ನು ಒಟ್ಟಿಗೆ ಬದಲಿಸಿದ ಮೇಲೆ ಕೆಡಿಸಿದ್ದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಒಂದು ಬದಲಿಸು, ನೋಟ್‌ಬುಕ್ಕಿನಲ್ಲಿ ಬರಿ, ಒಂದು ದಿನ ಓಡಿಸಿ ನೋಡು, ಆಮೇಲೆ ಇನ್ನೊಂದು. ಡಿಸ್‌ಪ್ಲೇ, ವೈಫೈ, ಸೌಂಡು, ಪ್ರಿಂಟರು ಈ ಸಾಲಿನಲ್ಲಿ ಹೋಗು. ಹಳೆಯ ಆಂಟಿವೈರಸ್ ಮರೆಯಬೇಡ, ಅದಕ್ಕೂ ಕರ್ನಲ್ಲಿನಲ್ಲಿ ಕೂರುವ ಡ್ರೈವರ್ ಇರುತ್ತದೆ.

ಸೌಂಡಿನಿಂದ ಸಿಸ್ಟಮ್ ಬೀಳುತ್ತದಾ ಅಂತ ನಗಬೇಡ. ಇಂಟೆಲ್ 11ನೇ ಪೀಳಿಗೆಯ ಪ್ರೊಸೆಸರಿನ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ಸ್ಮಾರ್ಟ್ ಸೌಂಡ್ ಅನ್ನುವ ಡ್ರೈವರಿದೆ. ಅದರ 10.29.0.5152 ಮತ್ತು 10.30.0.5152 ಈ ಎರಡು ವರ್ಷನ್ನುಗಳು ವಿಂಡೋಸ್ 11ರಲ್ಲಿ ನೀಲಿ ಪುಟ ತರಿಸುತ್ತಿದ್ದವು. ಇವು ಕಂಡ ಸಿಸ್ಟಮ್ಮುಗಳಿಗೆ ಮೈಕ್ರೋಸಾಫ್ಟ್ ಅಪ್‌ಗ್ರೇಡನ್ನೇ ತಡೆಹಿಡಿಯಿತು. ಪರಿಹಾರ ಕೊನೆಯ ಅಂಕಿಯಲ್ಲಿತ್ತು, 5714 ಅಥವಾ ಅದಕ್ಕಿಂತ ಮುಂದಿನದು ಬೇಕು. 29ಕ್ಕಿಂತ 30 ಹೊಸದು ಅಂದುಕೊಂಡು 10.30.0.5152 ಹಾಕಿಕೊಂಡರೆ ಏನೂ ಬಗೆಹರಿಯುತ್ತಿರಲಿಲ್ಲ, ಆ ಎರಡೂ ಬೇರೆ ಬೇರೆ ಸಾಲುಗಳು. ‘ನಿನ್ನ ಸಿಸ್ಟಮ್ಮಿಗೆ ಇನ್ನೂ ಅಪ್‌ಗ್ರೇಡ್ ಸಿದ್ಧವಿಲ್ಲ’ ಅಂತ ವಿಂಡೋಸ್ ಹೇಳಿದರೆ ಇನ್‌ಸ್ಟಲೇಷನ್ ಅಸಿಸ್ಟೆಂಟೋ ಪೆನ್‌ಡ್ರೈವೋ ಹಾಕಿ ನುಗ್ಗಿಸಬೇಡ ಅನ್ನುವುದು ಇದಕ್ಕೇ.

ಎಲ್ಲಕ್ಕೂ ಡ್ರೈವರನ್ನೇ ಬೈಯುವಂತೆಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ವೆಸ್ಟರ್ನ್ ಡಿಜಿಟಲ್ ಕಂಪನಿಯ ಕೆಲವು ಎಸ್‌ಎಸ್‌ಡಿ ಇದ್ದವರಿಗೆ ಸಿಸ್ಟಮ್ ಬೀಳತೊಡಗಿತು. ಆ ಡಿಸ್ಕುಗಳು ಮುಂಚೆ ರ‍್ಯಾಮಿನಲ್ಲಿ 64 ಎಂಬಿ ಎರವಲು ಪಡೆಯುತ್ತಿದ್ದವು, ಹೊಸ ವಿಂಡೋಸ್ 200 ಎಂಬಿ ಕೊಟ್ಟಿತು, ಅದು ಜೀರ್ಣವಾಗಲಿಲ್ಲ. ಕಂಪನಿ ಡಿಸ್ಕಿನ ಫರ್ಮ್‌ವೇರ್ ಬದಲಿಸಿದ ಮೇಲೆ ಸರಿಹೋಯಿತು.

ನಿನ್ನ ಹೆಬ್ಬೆಟ್ಟಿನ ಮೆಷಿನ್ನಿನ ವಿಷಯ ಬೇರೆ. ಅದಕ್ಕೆ ಡ್ರೈವರ್ ಒಂದು, ಬೆರಳಚ್ಚನ್ನು ಆಧಾರಿಗೆ ತಲುಪಿಸುವ ಆರ್‌ಡಿ ಸರ್ವಿಸ್ ಇನ್ನೊಂದು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಇಲ್ಲದೆಯೂ ಬೆರಳು ತಗೊಳ್ಳುತ್ತಿಲ್ಲ ಅಂದರೆ ಸರ್ವಿಸ್ ನಿಂತಿರಬಹುದು, ಅದನ್ನು ಶುರು ಮಾಡು. ಕರ್ನಲ್ಲಿಗೆ ಕಾವಲಿರುವ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದರೆ ಹಳೆಯ ಡ್ರೈವರ್ ಓಡುತ್ತದೆ ಅಂತ ಯಾರಾದರೂ ಹೇಳಿಯಾರು. ಓಡಬಹುದು. ಆದರೆ ಊರಿನವರ ಆಧಾರು, ಬ್ಯಾಂಕ್ ಪಾಸ್‌ಬುಕ್ಕು ಓಡಾಡುವ ಸಿಸ್ಟಮ್ಮಿನ ಬಾಗಿಲನ್ನು ಹಳೆಯ ಸ್ಕ್ಯಾನರಿಗೋಸ್ಕರ ತೆಗೆದಿಡುವುದು ನನಗೆ ಒಪ್ಪಿಗೆಯಿಲ್ಲ. ಸ್ಕ್ಯಾನರ್ ಬದಲಿಸು.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಹಿಂದಕ್ಕೆ ಹೋಗುವ ದಾರಿ ಇದೆ. ಸೆಟಿಂಗ್ಸ್, ಸಿಸ್ಟಮ್, ರಿಕವರಿ, ‘ಗೋ ಬ್ಯಾಕ್’. ಫೈಲುಗಳು ಹಾಗೇ ಇರುತ್ತವೆ. ಅಪ್‌ಗ್ರೇಡ್ ಆದ ಮೇಲೆ ಹಾಕಿಕೊಂಡ ಸಾಫ್ಟ್‌ವೇರ್ ಮಾತ್ರ ಹೋಗುತ್ತದೆ. ಆದರೆ ಅದಕ್ಕೆ 10 ದಿನದ ಗಡುವು. ಜಾಗ ಸಾಲದು ಅಂತ ‘ವಿಂಡೋಸ್ ಓಲ್ಡ್’ ಫೋಲ್ಡರನ್ನು ಅಳಿಸಿಬಿಟ್ಟರೆ ಆ ದಾರಿಯೂ ಮುಚ್ಚಿತು, ಅದನ್ನು ಮುಟ್ಟಬೇಡ. ವಾಪಸ್ ಹೋದರೂ ವಿಂಡೋಸ್ 10ರ ಕಾಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆಯ ಸಿಸ್ಟಮ್ಮಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷೆಯ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದಾರೆ. ಅದು ಉಸಿರಾಡುವುದಕ್ಕಷ್ಟೇ.

ಮುಂದಿನ ಸಲ ಅಪ್‌ಗ್ರೇಡ್ ಮಾಡುವಾಗ ಶನಿವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಶುರು ಮಾಡು. ಜೂನಿನಲ್ಲಿ ಮಕ್ಕಳ ಅಡ್ಮಿಷನ್ನಿಗೆ ಜಾತಿ ಆದಾಯ ಸರ್ಟಿಫಿಕೇಟಿನ ಸಾಲು ನಿಂತಿರುವಾಗ ಬೇಡವೇ ಬೇಡ. ಶುರು ಮಾಡುವ ಮುಂಚೆ ಈಗಿರುವ ಡ್ರೈವರುಗಳನ್ನೆಲ್ಲ ‘ಪಿಎನ್‌ಪಿಯುಟಿಲ್’ ಕಮಾಂಡಿನಲ್ಲಿ ಪೆನ್‌ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿಟ್ಟುಕೋ. ವೈಫೈ ಡ್ರೈವರೇ ಕೈಕೊಟ್ಟರೆ ಇಂಟರ್‌ನೆಟ್ಟಿನಿಂದ ಇಳಿಸುವುದಾದರೂ ಹೇಗೆ?

ಇನ್ನೊಂದು ಕೆಲಸ ಇವತ್ತೇ ಆಗಲಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸುರಕ್ಷಾ ಕಂಪನಿಯ ಡ್ರೈವರು ಒಂದು ಕೆಟ್ಟ ಅಪ್‌ಡೇಟ್ ನುಂಗಿ, ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಮ್ಮುಗಳು ಬಿದ್ದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್ ಕೈಯಲ್ಲೇ ನಡೆಸಬೇಕಾಯಿತು. ಮದ್ದು ಸುಲಭವಾಗಿತ್ತು, ಸೇಫ್ ಮೋಡಿಗೆ ಹೋಗಿ ಒಂದು ಫೈಲು ಅಳಿಸುವುದು. ಆದರೆ ಡಿಸ್ಕಿಗೆ ಬೀಗ ಜಡಿಯುವ ಬಿಟ್‌ಲಾಕರ್ ಹಾಕಿದ್ದ ಸಿಸ್ಟಮ್ಮುಗಳು ಒಳಗೆ ಬಿಡುವ ಮುಂಚೆ ಕೀ ಕೇಳಿದವು, ಕೀ ಎಲ್ಲಿಟ್ಟಿದ್ದೇವೆ ಅಂತ ಹುಡುಕುವುದರಲ್ಲೇ ಎಷ್ಟೋ ಕಚೇರಿಗಳಿಗೆ ದಿನ ಹೋಯಿತು. ಹೊಸ ವಿಂಡೋಸ್ ಹಲವು ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರನ್ನು ನಿನ್ನನ್ನು ಕೇಳದೆಯೇ ಆನ್ ಮಾಡಿರುತ್ತದೆ. ನಿನ್ನ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ರಿಕವರಿ ಕೀ ತೆಗೆ, 48 ಅಂಕಿ ಇರುತ್ತದೆ. ಪ್ರಿಂಟ್ ತೆಗೆದು ಅಂಗಡಿ ಲೈಸೆನ್ಸಿನ ಫೈಲಿನಲ್ಲಿ ಹಾಕಿ ಮನೆಯ ಬೀರುವಿನಲ್ಲಿಡು. ಅದೇ ಸಿಸ್ಟಮ್ಮಿನ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿಡಬೇಡ ಕಣವ್ವಾ.