ಬಟಾಣಿಯ ಬೇಸಗೆ

ಇಂಗ್ಲೆಂಡಿನ ಪೂರ್ವಭಾಗದ ಲಿಂಕನ್‌ಷೈರ್, ನಾರ್ಫಕ್ ಸೀಮೆಗಳ ತಗ್ಗುಬಯಲಿನಲ್ಲಿ ಬಟಾಣಿ ಹುಲುಸಾಗಿ ಬೆಳೆಯುತ್ತದೆ. ನಮ್ಮಲ್ಲಿ ಮುಂಗಾರು ಹಿಡಿಯುವ ಜೂನ್, ಜುಲೈ ತಿಂಗಳುಗಳೇ ಅಲ್ಲಿ ಬೇಸಗೆ; ಬಟಾಣಿಯ ಸುಗ್ಗಿಯೂ ಆಗಲೇ. ಆದರೆ ಹಸಿ ಬಟಾಣಿ ಯಾರಿಗಾಗಿಯೂ ಕಾಯುವುದಿಲ್ಲ. ಕೊಯ್ದ ಕೆಲವೇ ಗಂಟೆಗಳಲ್ಲಿ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗಿ ಮಾರ್ಪಡತೊಡಗಿ ಸಿಹಿ ಕುಗ್ಗುತ್ತದೆ, ಕಾಳು ಗಡುಸಾಗುತ್ತದೆ. ಆದುದರಿಂದ ಹೊಲದಿಂದ ಬಂದ ಕಾಳನ್ನು ಒಡನೆಯೇ ತೊಳೆದು, ಆರಿಸಿ, ಬಿಸಿನೀರಿನಲ್ಲಿ ಅದ್ದಿ, ಉಪ್ಪು ಸಕ್ಕರೆ ಬೆರೆಸಿದ ನೀರಿನೊಂದಿಗೆ ತಗಡಿನ ಡಬ್ಬಿಗಳಿಗೆ ತುಂಬಿ, ಮುಚ್ಚಳ ಬಿಗಿದು, ಹಬೆಯ ಒತ್ತಡದಲ್ಲಿ ಬೇಯಿಸಬೇಕು. ಸುಗ್ಗಿಯ ವಾರಗಳಲ್ಲಿ ಅಲ್ಲಿಯ ಕಾರ್ಖಾನೆಗಳು ಹಗಲಿರುಳೆನ್ನದೆ ನಡೆಯುತ್ತಿದ್ದವು. ಇಷ್ಟು ಅಲ್ಪಕಾಲಕ್ಕೆ ಅಷ್ಟೊಂದು ಆಳುಗಳು ಎಲ್ಲಿಂದ ಬರಬೇಕು?

1950 ಮತ್ತು 1960ರ ದಶಕಗಳಲ್ಲಿ ಹಾಗೆ ಬರುತ್ತಿದ್ದವರಲ್ಲಿ ಅನೇಕರು ಐರ್ಲೆಂಡಿನ ಕಾಲೇಜು ವಿದ್ಯಾರ್ಥಿಗಳು. ಐರ್ಲೆಂಡ್ ಬೇರೆ ರಾಷ್ಟ್ರವಾಗಿದ್ದರೂ ಇಂಗ್ಲೆಂಡಿಗೆ ಹೋಗಲು ಅಲ್ಲಿಯವರಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಹಡಗಿನ ಟಿಕೆಟ್ಟಿಗೆ ಹಣವಿದ್ದರೆ ಸಾಕಾಗಿತ್ತು. ಕಾಲೇಜು ವಿದ್ಯಾರ್ಥಿಗಳಿಗೆ ಸರಕಾರದ ಸಹಾಯಧನದ ಯೋಜನೆ ಆ ದೇಶದಲ್ಲಿ ಜಾರಿಗೆ ಬಂದುದು 1968ರಲ್ಲಿ. ಅದಕ್ಕೆ ಮುಂಚೆ ಇದ್ದ ವಿದ್ಯಾರ್ಥಿವೇತನಗಳು ಕೆಲವೇ ಕೆಲವು.

1960ರ ದಶಕದ ಆರಂಭದ ಒಂದು ಬೇಸಗೆಯಲ್ಲಿ ಡಬ್ಲಿನ್ ನಗರದ ಮೂವರು ಗೆಳೆಯರು ಹೀಗೆಯೇ ಹಡಗು ಹತ್ತಿದರು. ಒಬ್ಬನು ಎಂಜಿನಿಯರಿಂಗ್ ಓದುತ್ತಿದ್ದನು, ಇನ್ನೊಬ್ಬನು ವೈದ್ಯಶಾಸ್ತ್ರ, ಮೂರನೆಯವನು ಗ್ರೀಕ್ ಮತ್ತು ಲ್ಯಾಟಿನ್. ಮೊದಲಿಬ್ಬರು ಅನುಕೂಲಸ್ಥರ ಮಕ್ಕಳು; ಅವರ ಪಾಲಿಗೆ ಇದೊಂದು ವಿನೋದಯಾತ್ರೆ. ಮೂರನೆಯವನ ತಂದೆ ಪಶ್ಚಿಮ ತೀರದ ಒಬ್ಬ ಸಣ್ಣ ರೈತ. ಅಕ್ಟೋಬರಿನಲ್ಲಿ ಕಾಲೇಜು ತೆರೆಯುವ ವೇಳೆಗೆ ಶುಲ್ಕದ ಹಣ ಕೂಡದಿದ್ದರೆ ಅವನು ಪುಸ್ತಕ ಮಡಿಚಿಟ್ಟು ಹೊಲಕ್ಕೆ ಮರಳಬೇಕಾಗಿತ್ತು. ಇದನ್ನು ಅವನು ಯಾರೊಡನೆಯೂ ಆಡಿರಲಿಲ್ಲ. ಆದರೆ ಉಳಿದಿಬ್ಬರು ಚಹ ಕುಡಿಯಲು ಕುಳಿತಾಗ ತನಗೆ ಬಾಯಾರಿಕೆಯಿಲ್ಲವೆಂದು ಹೇಳಿ, ಚಳಿಗಾಳಿಯಲ್ಲಿ ಹಡಗಿನ ಅಟ್ಟದ ಮೇಲೆ ಹೋಗಿ ನಿಂತುದನ್ನು ಗೆಳೆಯರು ಕಂಡಿದ್ದರು.

ಕಾರ್ಖಾನೆಯಲ್ಲಿ ಮೂವರಿಗೂ ರಾತ್ರಿಯ ಪಾಳಿ ಬಂದಿತು. ಉದ್ದವಾದ ರಬ್ಬರಿನ ಪಟ್ಟಿಯ ಮೇಲೆ ಹಸಿರು ಹೊಳೆಯಂತೆ ಬಟಾಣಿ ಹರಿದುಬರುತ್ತಿತ್ತು. ಅದರೊಳಗೆ ಸೇರಿಕೊಂಡ ಕಲ್ಲು, ಮುಳ್ಳುಗಿಡದ ಮೊಗ್ಗು, ಬಸವನಹುಳು ಇವುಗಳನ್ನು ಹೆಕ್ಕಿ ತೆಗೆಯುವುದೇ ಕೆಲಸ. ಹನ್ನೆರಡು ಗಂಟೆಗಳ ಕಾಲ ನಿಂತಲ್ಲೇ ನಿಂತು ಕಾಳು ನೋಡುವುದು ಎಂಥ ಮಹಾಕಾರ್ಯ ಎಂದು ಎಂಜಿನಿಯರನು ಮೊದಲು ನಕ್ಕನು. ನಡುರಾತ್ರಿ ಊಟದ ಗಂಟೆ ಬಾರಿಸಿತು. ಒಡನೆಯೇ ಅವನು ಗಾಬರಿಯಿಂದ ಕೂಗಿದನು: “ಅಮ್ಮಾ, ಯಂತ್ರ ಕೆಟ್ಟಿತು! ಪಟ್ಟಿ ಹಿಂದಕ್ಕೆ ಓಡುತ್ತಿದೆ!”

ಮೇಲ್ವಿಚಾರಕಿ ಅದೇ ಊರಿನವಳು, ಐವತ್ತು ದಾಟಿದವಳು. ಅವಳು ಅವಸರವಿಲ್ಲದೆ ಹತ್ತಿರ ಬಂದು, “ಪಟ್ಟಿ ಆಗಲೇ ನಿಂತಿದೆ ಮಗು. ಹಿಂದಕ್ಕೆ ಓಡುತ್ತಿರುವುದು ನಿನ್ನ ತಲೆ” ಎಂದಳು. ಸಾಲಿನ ಹೆಂಗಸರೆಲ್ಲರೂ ಗೊಳ್ಳೆಂದು ನಕ್ಕರು. ಪ್ರತಿ ವರ್ಷವೂ ಒಬ್ಬನಾದರೂ ಹೀಗೆ ಕೂಗಿಕೊಳ್ಳುತ್ತಿದ್ದನಂತೆ. ಇದು ಹುಚ್ಚೇನೂ ಅಲ್ಲ. ಧುಮುಕುವ ಜಲಪಾತವನ್ನು ಬಹಳ ಹೊತ್ತು ದಿಟ್ಟಿಸಿ, ಬಳಿಕ ಪಕ್ಕದ ಬಂಡೆಯತ್ತ ನೋಡಿದರೆ ಬಂಡೆ ಮೇಲಕ್ಕೆ ಏರುತ್ತಿರುವಂತೆ ತೋರುತ್ತದೆ. ಒಂದೇ ದಿಕ್ಕಿನ ಚಲನೆಗೆ ಪಳಗಿದ ದೃಷ್ಟಿ, ಚಲನೆ ನಿಂತೊಡನೆ ಸ್ವಲ್ಪ ಕಾಲ ಎದುರು ದಿಕ್ಕಿಗೆ ವಾಲುತ್ತದೆ. ಈ ವಿವರಣೆ ಎಂಜಿನಿಯರನಿಗೆ ತಿಳಿಯದ್ದಲ್ಲ. ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೆ. ಕುಳಿತುಕೊಳ್ಳಲೆಂದು ಹೋದವನು ಸರಿಯುತ್ತಿರುವಂತೆ ಕಂಡ ಮಣೆಯನ್ನು ಹಿಡಿಯಹೋಗಿ ನೆಲಕ್ಕೆ ಬಿದ್ದನು. ಊಟದ ತಟ್ಟೆಯಲ್ಲಿ ಆಲೂಗಡ್ಡೆಯ ಪಕ್ಕದಲ್ಲಿ ಅವನಿಗಾಗಿ ಕಾದಿದ್ದುದು ಬಟಾಣಿಯೇ.

ವಸತಿಯೋ, ಅರ್ಧ ಕೊಳವೆಯಂತೆ ಬಾಗಿದ ತಗಡಿನ ಗುಡಿಸಲು. ಹಗಲು ಅದು ಕಾದು ಒಲೆಯಾಗುತ್ತಿತ್ತು. ರಾತ್ರಿ ದುಡಿದವರು ಮಲಗಬೇಕಾದುದು ಆ ಹೊತ್ತಿನಲ್ಲಿಯೇ. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ಬಟಾಣಿ ಹರಿಯುತ್ತಿತ್ತು. ಲ್ಯಾಟಿನ್ ಓದುವವನು ನಿದ್ದೆಯಲ್ಲಿ ಕಂಬಳಿಯ ಮೇಲಿನಿಂದ ಏನನ್ನೋ ಹೆಕ್ಕಿ ಹೆಕ್ಕಿ ಪಕ್ಕಕ್ಕೆ ಎಸೆಯುತ್ತಿದ್ದನು. ಎಚ್ಚರವಿದ್ದ ಗೆಳೆಯರು ಲೆಕ್ಕವಿಟ್ಟರು: ಒಂದು ಮಧ್ಯಾಹ್ನಕ್ಕೆ ನಲವತ್ತಮೂರು ಬಸವನಹುಳು!

ನಾಲ್ಕನೆಯ ವಾರ ಮಳೆ ಹಿಡಿಯಿತು. ಹೊಲಗಳು ಕೆಸರಾಗಿ ಕೊಯ್ಲು ನಿಂತಿತು. ಕಾಳು ಬಾರದೆ ಪಟ್ಟಿಯೂ ನಿಂತಿತು. ಕೆಲಸವಿಲ್ಲದ ದಿನಕ್ಕೆ ಕೂಲಿಯಿಲ್ಲ. ಲ್ಯಾಟಿನ್ ಓದುವವನು ಒಂದು ಚೀಟಿಯ ಹಿಂಬದಿಯಲ್ಲಿ ಪೌಂಡು ಶಿಲ್ಲಿಂಗುಗಳನ್ನು ಮತ್ತೆ ಮತ್ತೆ ಕೂಡುತ್ತಿದ್ದನು. ಎಷ್ಟು ಸಲ ಕೂಡಿದರೂ ಮೊತ್ತ ಹೆಚ್ಚಲಿಲ್ಲ. ಮಳೆ ಬಿಟ್ಟ ಮೇಲೆ ಉಳಿದುದು ಭಾನುವಾರದ ಪಾಳಿಯೊಂದೇ ಆಸೆ. ಅದಕ್ಕೆ ಇಮ್ಮಡಿ ಕೂಲಿ. ಆದರೆ ಅದು ಸರದಿಯಂತೆ ಬರತಕ್ಕದ್ದು. ಆ ಭಾನುವಾರ ಸರದಿ ವೈದ್ಯನದು. ಬೆಳಿಗ್ಗೆ ಅವನಿಗೆ ಘೋರವಾದ ಹೊಟ್ಟೆನೋವು ಬಂದಿತು. ಮೇಲ್ವಿಚಾರಕಿಗೆ ಅವನು ತನ್ನ ರೋಗದ ಹೆಸರನ್ನು ಲ್ಯಾಟಿನ್ನಿನಲ್ಲಿಯೇ ಹೇಳಿದನು. ಅಂಥ ರೋಗವೇ ಇಲ್ಲವೆಂಬುದು ಲ್ಯಾಟಿನ್ ಬಲ್ಲವನಿಗೆ ತಿಳಿದುಬಿಡುವ ಅಪಾಯವಿದ್ದುದರಿಂದ ಅವನ ಎದುರಿಗೆ ಮಾತ್ರ ಬರಿಯ ನರಳಾಟ. ಪಾಳಿ ಗೆಳೆಯನಿಗೆ ದೊರೆಯಿತು. ಮುಂದಿನ ಭಾನುವಾರ ಸರದಿ ಎಂಜಿನಿಯರನದು, ಹೊಟ್ಟೆನೋವೂ ಅವನದೇ.

“ಭಾನುವಾರವನ್ನೇ ನೋಡಿಕೊಂಡು ಬರುವ ರೋಗವನ್ನು ನಾನು ಕಂಡಿಲ್ಲ” ಎನ್ನುತ್ತ ಮೇಲ್ವಿಚಾರಕಿ ಗುಡಿಸಲಿಗೆ ಬಂದಳು. ಅವಳ ಕೈಯಲ್ಲಿ ಹರಳೆಣ್ಣೆಯ ಸೀಸೆ. ಬಾಗಿಲ ಬಳಿ ಟೋಪಿ ಧರಿಸಿ, ಕೆಲಸಕ್ಕೆ ಸಿದ್ಧನಾಗಿ ನಿಂತಿದ್ದ ಮೂರನೆಯವನನ್ನು ಅವಳು ಒಮ್ಮೆ ನೋಡಿದಳು. ಹಾಸಿಗೆಯಲ್ಲಿದ್ದವನನ್ನು ಒಮ್ಮೆ ನೋಡಿದಳು. ಏನೂ ಕೇಳದೆ ಪುಸ್ತಕದಲ್ಲಿ ಮೂರನೆಯವನ ಹೆಸರನ್ನು ಬರೆದುಕೊಂಡಳು. ಸೀಸೆಯನ್ನು ಮಾತ್ರ ಹಿಂದಕ್ಕೆ ಒಯ್ಯಲಿಲ್ಲ. ಎಂಜಿನಿಯರನು ಎರಡು ದೊಡ್ಡ ಚಮಚ ಹರಳೆಣ್ಣೆಯನ್ನು ತುಟಿಪಿಟಕ್ಕೆನ್ನದೆ ಕುಡಿದನು. ಹಿಂದಿನ ವಾರದ ರೋಗಿಗೂ ಬಾಕಿಯಿದ್ದ ಎರಡು ಚಮಚ ಸಂದಿತು. ಆ ದಿನ ಅವರಿಬ್ಬರಿಗೂ ಹೊಟ್ಟೆಯ ತೊಂದರೆ ನಿಜವಾಗಿಯೇ ಇತ್ತು.

ಹೊರಡುವ ದಿನ, ತಗ್ಗು ಬಿದ್ದ ಡಬ್ಬಿಗಳನ್ನು ಕೆಲಸಗಾರರಿಗೆ ಅಗ್ಗದ ಬೆಲೆಗೆ ಮಾರಿದರು. ಅವುಗಳಿಗೆ ಇನ್ನೂ ಚೀಟಿ ಅಂಟಿಸಿರಲಿಲ್ಲ. ಅದೇ ಕಾರ್ಖಾನೆ ಸ್ಟ್ರಾಬೆರಿ ಹಣ್ಣನ್ನೂ ಡಬ್ಬಿಗೆ ತುಂಬುತ್ತಿದ್ದುದರಿಂದ ಯಾವುದರಲ್ಲಿ ಏನಿದೆಯೋ ಬಲ್ಲವರಿಲ್ಲ. ರೈತನ ಮಗನು ಕೆಲವು ಪೆನ್ನಿಗಳನ್ನು ಕೊಟ್ಟು, ಅಲುಗಿಸಿ ನೋಡಿ, ತಾಯಿಗಾಗಿ ಒಂದನ್ನು ಆರಿಸಿಕೊಂಡನು.

ಅಕ್ಟೋಬರಿನಲ್ಲಿ ಶುಲ್ಕ ಕಟ್ಟಿ, ಕ್ರಿಸ್‌ಮಸ್ ರಜೆಗೆ ಅವನು ಊರಿಗೆ ಬಂದಾಗ ಆ ಡಬ್ಬಿ ಕಪಾಟಿನ ಮೇಲೆ ಇನ್ನೂ ಹಾಗೆಯೇ ಇದ್ದಿತು. ಇಂಗ್ಲೆಂಡಿನ ಹಣ್ಣಿನ ರುಚಿ ನೋಡಿರೆಂದು ತಾಯಿ ನೆರೆಯವರನ್ನೆಲ್ಲ ಕರೆದಿದ್ದಳು. ಅದರೊಡನೆ ಬಡಿಸಲು ಹಾಲಿನ ಕೆನೆಯನ್ನೂ ತೆಗೆದಿಟ್ಟಿದ್ದಳು. ಎಲ್ಲರ ಎದುರಿನಲ್ಲಿ ಮುಚ್ಚಳ ಬಿಚ್ಚಿ ಪಿಂಗಾಣಿಯ ಬಟ್ಟಲಿಗೆ ಸುರಿದಳು. ಹಸಿರು ಕಾಳು ದಡದಡನೆ ಉರುಳಿದುವು. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಮಗನು ಮಾತ್ರ ತನಗರಿವಿಲ್ಲದೆಯೇ ಬಟ್ಟಲಿನ ಮೇಲೆ ಬಾಗಿ, ಬಸವನಹುಳು ಇದೆಯೇ ಎಂದು ಬೆರಳಿನಿಂದ ಹುಡುಕತೊಡಗಿದನು.