ಸೈನಿಕ ಕುಟುಂಬದ ವರ್ಗಾವಣೆ: ಖರ್ಚಿಗೆ ಮುನ್ನೇರ್ಪಾಡು

ನಮ್ಮಲ್ಲಿ ಅನೇಕ ಬೆಳೆಗಾರರ ಮಕ್ಕಳು, ಅಳಿಯಂದಿರು ಸೈನ್ಯದಲ್ಲಿದ್ದಾರೆ. ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ತಪ್ಪಿದ್ದಲ್ಲ. ಕ್ವಾರ್ಟರ್ಸ್ ಸಿಗುವ ತನಕ ಬಾಡಿಗೆ ಮನೆ, ಅದರ ಮುಂಗಡ, ಮಕ್ಕಳ ಶಾಲಾ ಶುಲ್ಕ, ಸಮವಸ್ತ್ರ, ಎಲ್ಲವೂ ಒಮ್ಮೆಗೇ ಎದುರಾಗುತ್ತವೆ. ಆಗ ಬೆಳೆಸಾಲದ ಹಣವನ್ನೇ ಕಳುಹಿಸಿಕೊಡುವವರನ್ನು ನಾವು ಕಂಡಿದ್ದೇವೆ. ಮಳೆಗಾಲ ಹತ್ತಿರವಾಗುವಾಗ ಗೊಬ್ಬರಕ್ಕೂ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಲಿಕ್ಕೂ ಕೈ ಬರಿದು. ಕೊಳೆರೋಗ ಯಾರಿಗೂ ಕಾಯುವುದಿಲ್ಲ.

ಆದುದರಿಂದ ಹೀಗೆ ಮಾಡುವುದು ಲೇಸು:

1. ಆದೇಶ ಬಂದೊಡನೆ ಪ್ರಯಾಣ ಭತ್ಯೆಯ ಮುಂಗಡಕ್ಕೆ ಅರ್ಜಿ ಹಾಕಲು ತಿಳಿಸಿರಿ. ಏಳನೆಯ ವೇತನ ಆಯೋಗದ ಬಳಿಕ, 20 ಕಿ.ಮೀ. ಮೀರಿದ ವರ್ಗಾವಣೆಗೆ ಸಾಮಾನ್ಯವಾಗಿ ಮೂಲವೇತನದ ಶೇಕಡಾ 80ರಷ್ಟು ಅನುದಾನವಿದೆ. ಸಾಮಾನು ಸಾಗಣೆಯ ವೆಚ್ಚ ಬೇರೆ.

2. ಲಾರಿ ರಸೀದಿ, ಪ್ರಯಾಣದ ಟಿಕೆಟುಗಳನ್ನು ಜೋಪಾನವಾಗಿಡಬೇಕು. ರಸೀದಿಯಿಲ್ಲದೆ ಖರ್ಚು ಮರಳಿ ಪಡೆಯುವುದು ಕಷ್ಟ.

3. ಮನೆ ಮುಂಗಡ, ಶಾಲಾ ಖರ್ಚಿಗೆಂದು ಸಂಬಳದಿಂದಲೇ ಆವರ್ತ ಠೇವಣಿ ಕಟ್ಟಲಿ. ತಿಂಗಳಿಗೆ 2,000 ರೂ. ಕಟ್ಟಿದರೆ ಎರಡು ವರ್ಷಕ್ಕೆ 48,000 ರೂ.; ಬಡ್ಡಿ ಬೇರೆ.

4. ತೋಟದಿಂದ ಕೊಡಲೇಬೇಕಾದರೆ, ಮಳೆಗಾಲದ ಖರ್ಚನ್ನು ಮೊದಲು ತೆಗೆದಿರಿಸಿ, ಉಳಿದುದರಲ್ಲಿ ಕೊಡಿರಿ.

ಮಕ್ಕಳಿಗೆ ನೆರವಾಗಬೇಡಿರೆಂದು ನಾವು ಹೇಳುತ್ತಿಲ್ಲ. ನಿವೃತ್ತಿಯಾಗಿ ಅವರು ಮರಳುವುದೂ ಇದೇ ತೋಟಕ್ಕಲ್ಲವೇ? ಅದನ್ನು ಉಳಿಸಿಕೊಡೋಣ.