ಸುಖ ಬೇರೆ, ಆನಂದ ಬೇರೆ: ಸರಳೆ ವರಸೆಯ ಜೊತೆ ಒಂದಿಷ್ಟು ವಿಚಾರ

 

ನಾವಿರುವ ಹೆಡಿಂಗ್ಲೀ ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಕ್ರಿಕೆಟ್ ಮೈದಾನ. 2025ರ ಜೂನ್‌ನಲ್ಲಿ ಇಲ್ಲಿ ನಡೆದ ಟೆಸ್ಟ್‌ನಲ್ಲಿ ಭಾರತದವರು ಐದು ಶತಕ ಹೊಡೆದರು. ನಮ್ಮ ಕೆ.ಎಲ್. ರಾಹುಲ್ ಅವರ 137 ಅದರಲ್ಲೊಂದು. ನಾಲ್ಕು ದಿನ ನಮ್ಮ ಮನೆಯಲ್ಲಿ ಹಬ್ಬವೇ ಹಬ್ಬ. ಐದನೇ ದಿನ ಇಂಗ್ಲೆಂಡ್ 371 ರನ್ ಬೆನ್ನಟ್ಟಿ ಗೆದ್ದಿತು, ರಾತ್ರಿ ಊಟಕ್ಕೆ ಯಾರೂ ಮಾತಾಡಲಿಲ್ಲ. ಹಾಗಂತ ಆ ನಾಲ್ಕು ದಿನದ ಸುಖ ಸುಳ್ಳೇ? ಖಂಡಿತ ಅಲ್ಲ. ಅದರ ಸೂತ್ರ ಮಾತ್ರ ನಮ್ಮ ಕೈಯಲ್ಲಿ ಇರಲಿಲ್ಲ.

ದಾಸಸಾಹಿತ್ಯ ಅಂದ್ರೆ ಸಂಸಾರದ ಮೇಲಿನ ಜಿಗುಪ್ಸೆ ಅಂತ ಕೆಲವರು ಹೇಳ್ತಾರೆ. ನನಗೆ ಒಪ್ಪಿಗೆಯಿಲ್ಲ. ಪುರಂದರದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸ ನಾಯಕರು, ರತ್ನದ ವ್ಯಾಪಾರಿ. ಒಂದು ಮೂಗುತಿಯ ಪ್ರಸಂಗದಿಂದ ಎಲ್ಲವನ್ನೂ ದಾನಮಾಡಿ ಹೊರಟರು ಎನ್ನುತ್ತದೆ ಸಂಪ್ರದಾಯ. ಆಮೇಲೂ ಅವರ ಪದಗಳಲ್ಲಿ ಬೆಣ್ಣೆ, ಗೆಜ್ಜೆ, ಪಾಯಸ ಎಲ್ಲ ಬರುತ್ತವೆ. ಲೋಕವನ್ನು ದ್ವೇಷಿಸುವವರು ಅದನ್ನು ಇಷ್ಟು ಹತ್ತಿರದಿಂದ ನೋಡ್ತಾರೆಯೇ, ನೀವೇ ಹೇಳಿ!

ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಶ್ರೀಕೃಷ್ಣ ಸುಖವನ್ನು ಮೂರಾಗಿ ವಿಂಗಡಿಸುತ್ತಾನೆ. ಇಂದ್ರಿಯ ಮತ್ತು ವಿಷಯಗಳು ಸೇರಿದಾಗ ಹುಟ್ಟುವ ರಾಜಸ ಸುಖ ಮೊದಲು ಅಮೃತದಂತಿದ್ದು ಕೊನೆಗೆ ವಿಷವಾಗುತ್ತದೆ. ಸಾತ್ತ್ವಿಕ ಸುಖ ಇದಕ್ಕೆ ತಿರುಗುಮುರುಗು. ತಾಮಸ ಸುಖ ನಿದ್ರೆ, ಆಲಸ್ಯದ್ದು, ಅದನ್ನು ಬಿಡೋಣ. 36ನೇ ಶ್ಲೋಕದಲ್ಲಿ ಸಂಗೀತದವರು ಹಿಡಿದುಕೊಳ್ಳಬೇಕಾದ ಒಂದು ಪದವಿದೆ: ಅಭ್ಯಾಸ. ಮಾಡ್ತಾ ಮಾಡ್ತಾ ಮನಸ್ಸು ಅದರಲ್ಲಿ ರಮಿಸತೊಡಗುತ್ತದೆ ಎನ್ನುವ ಅರ್ಥ. ಮೊದಲ ದಿನವೇ ರುಚಿಸಬೇಕು ಅಂತ ಎಲ್ಲೂ ಹೇಳಿಲ್ಲ.

ಮಧ್ವಮತದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಆನಂದ ಹೊರಗಿನಿಂದ ತರುವಂಥದ್ದಲ್ಲ, ಅದು ಸಜ್ಜೀವರ ಸ್ವರೂಪದಲ್ಲೇ ಇದೆ. ಮುಸುಕು ಸರಿದು, ಹರಿಪ್ರಸಾದದಿಂದ ಅದು ಪ್ರಕಟವಾಗುವುದೇ ಮೋಕ್ಷ. ಅಲ್ಲೂ ತಾರತಮ್ಯವುಂಟು. ಚೊಂಬು ಚೊಂಬಿನಷ್ಟು ತುಂಬುತ್ತೆ, ಕೊಡ ಕೊಡದಷ್ಟು. ಎರಡೂ ಪೂರ್ಣವೇ ಆದ್ದರಿಂದ ಪಕ್ಕದವರದ್ದನ್ನು ನೋಡಿ ಹೊಟ್ಟೆಯುರಿಯಿಲ್ಲ. ಚಪ್ಪಾಳೆಯ ಸುಖಕ್ಕೆ ಈ ಗುಣ ಇಲ್ಲ ನೋಡಿ. ಯುಗಾದಿ ಕಾರ್ಯಕ್ರಮದಲ್ಲಿ ಪಕ್ಕದ ಮಗುವಿಗೆ ಸ್ವಲ್ಪ ಹೆಚ್ಚು ಚಪ್ಪಾಳೆ ಬಿದ್ದರೆ ನಮ್ಮ ಮಗುವಿನ ಮುಖ ಬಾಡುತ್ತೆ, ಅಮ್ಮನದ್ದು ಇನ್ನೂ ಬೇಗ.

ನನ್ನ ಶಿಷ್ಯೆಯೊಬ್ಬಳ ತಂದೆ ಊರಲ್ಲಿ ತೀರಿಕೊಂಡರು. ವಿಮಾನ ಹಿಡಿಯುವಷ್ಟು ಸಮಯ ಇರಲಿಲ್ಲ, ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದಳು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಪಾಠಕ್ಕೆ ಬಂದಳು. ಸಂಸಾರದ ಅನಿತ್ಯತೆಯ ಮೇಲಿನ ಒಂದು ದೇವರನಾಮ ತೆಗೆದಿಟ್ಟಿದ್ದೆ. ಅವಳು, "ಅಕ್ಕ, ಹಾಡು ಬೇಡ. ಸರಳೆ ಹೇಳೋಣ" ಅಂದಳು.

ಮಾಯಾಮಾಳವಗೌಳದಲ್ಲಿ ಆರಂಭದ ಪಾಠಗಳನ್ನು ಇಟ್ಟವರು ಪುರಂದರದಾಸರು ಎಂಬುದು ನಮ್ಮ ಪರಂಪರೆಯ ನಂಬಿಕೆ. ಈ ರಾಗದಲ್ಲಿ ಷಡ್ಜದ ಮಗ್ಗುಲಲ್ಲೇ ಶುದ್ಧ ರಿಷಭ, ಆಮೇಲೆ ಅಂತರ ಗಾಂಧಾರಕ್ಕೆ ದೊಡ್ಡ ಜಿಗಿತ. ಪಂಚಮದಿಂದ ಮೇಲೂ ಅದೇ ಅಳತೆ. ಹೊಸಬರ ಕಿವಿಗೆ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆ ಜಿಗಿತದಲ್ಲಿ ಅವಳ ದನಿ ಒಡೆಯಿತು. ಪಂಚಮದಲ್ಲಿ ಮತ್ತೆ ನಿಂತಿತು. ಮೂರು ಕಾಲದಲ್ಲೂ ಹೇಳಿದೆವು, ತಂಬೂರಿ ನಡೀತಾನೇ ಇತ್ತು. ಅವಳಿಗೆ ಸಿಕ್ಕಿದ್ದು ಆನಂದವೇ? ಆ ದೊಡ್ಡ ಮಾತನ್ನು ನಾನು ಆಡಲಾರೆ. ದುಃಖ ಹಾಗೇ ಇತ್ತು, ಅದರ ಪಕ್ಕದಲ್ಲೇ ಶ್ರುತಿಯೂ ನಿಂತಿತ್ತು. ಗೆದ್ದರೆ ಬಂದು ಸೋತರೆ ಹೋಗುವ ಸುಖಕ್ಕೆ ಅಷ್ಟು ಶಕ್ತಿ ಇರೋದನ್ನ ನಾನಂತೂ ನೋಡಿಲ್ಲ.

ಪುಷ್ಯ ಬಹುಳ ಅಮಾವಾಸ್ಯೆಗೆ ದಾಸರ ಆರಾಧನೆ. ಇಲ್ಲಿ ಆಗ ಕಡುಚಳಿ, ಸಂಜೆ ಬೇಗ ಕತ್ತಲು. ಅಲ್ಲಿಯವರೆಗೆ ದಿನಾ ಹತ್ತು ನಿಮಿಷ ದೀಪ ಹಚ್ಚಿ ಮೊದಲ ಸರಳೆ ಹೇಳಿ. ದಯವಿಟ್ಟು ರೆಕಾರ್ಡ್ ಮಾಡಬೇಡಿ, ಯಾರಿಗೂ ಕಳಿಸಬೇಡಿ, ನನಗೂ ಕೂಡ. ಕೊನೆಯ ಷಡ್ಜದಲ್ಲಿ ಉಸಿರು ಇರುವಷ್ಟು ಹೊತ್ತು ನಿಲ್ಲಿ.

ಶ್ರೀಕೃಷ್ಣಾರ್ಪಣಮಸ್ತು.